ಪೆನ್ನಿನಲ್ಲಿ ಪದಬಂಧ ತುಂಬುವವನು

ಅಡಿಲೇಡ್ ನಗರದಿಂದ ದೂರದ ಒಳನಾಡಿನ ಕುರಾಂಡಿ ಊರಿನ ಕೌನ್ಸಿಲಿನ ರಸ್ತೆ ರಿಪೇರಿ ಶೆಡ್ಡಿನಲ್ಲಿ ಲಿಂಡ್ಸೆ ಟ್ರೆಝೀಸ್‌ನಷ್ಟು ದೊಡ್ಡ ಪಂಡಿತ ಇನ್ನೊಬ್ಬನಿರಲಿಲ್ಲ. ಹತ್ತು ಗಂಟೆಯ ಚಹಾ ಬಿಡುವಿನಲ್ಲಿ ಉಳಿದವರು ಬೂಟಿನ ಟಾರು ಕೆರೆಯುತ್ತ ಕುಳಿತಿದ್ದರೆ ಲಿಂಡ್ಸೆ ಮೂಲೆಯ ಕುರ್ಚಿಯಲ್ಲಿ ಪೇಪರು ಬಿಚ್ಚಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪದಬಂಧ ತುಂಬುತ್ತಿದ್ದ. ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ. ಒಂದು ಅಕ್ಷರ ಹೊಡೆದುಹಾಕದೆ, ಒಂದು ಮನೆ ಖಾಲಿ ಬಿಡದೆ, ಹದಿನೈದು ನಿಮಿಷಕ್ಕೆ ಮುಗಿಸಿ, ಉಳಿದ ಐದು ನಿಮಿಷ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅಷ್ಟು ಯೋಚಿಸಿದ ತಲೆಗೆ ವಿಶ್ರಾಂತಿ ಬೇಡವೇ ಎಂದು ಜನ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ನಿಜ ಹೇಳಬೇಕೆಂದರೆ ಹನ್ನೊಂದು ವರ್ಷದಲ್ಲಿ ಲಿಂಡ್ಸೆ ಒಂದೇ ಒಂದು ಪದಬಂಧವನ್ನೂ ಬಿಡಿಸಿರಲಿಲ್ಲ. ಸುಳಿವುಗಳನ್ನು ಓದಿಯೂ ಇರಲಿಲ್ಲ. ಕೈಗೆ ಬಂದ ಅಕ್ಷರವನ್ನು ಕಣ್ಣಿಗೆ ಬಿದ್ದ ಮನೆಯಲ್ಲಿ ಕೂರಿಸುತ್ತಿದ್ದ, ಅಷ್ಟೆ.

ಇದರಲ್ಲಿ ಮೋಸದ ಉದ್ದೇಶವೇನೂ ಇರಲಿಲ್ಲ. ಲಿಂಡ್ಸೆಗೆ ಸುಸ್ತಾಗಿತ್ತು. ಮೂವತ್ತೆರಡು ವರ್ಷ ಒಂದೇ ರಸ್ತೆಯ ಅವೇ ಗುಂಡಿಗಳನ್ನು ತುಂಬಿದವನಿಗೆ ಆಗುವ ಸುಸ್ತು. ಆ ಗುಂಡಿಗಳ ಪರಿಚಯ ಅವನಿಗೆ ನೆಂಟರ ಪರಿಚಯದಷ್ಟಿತ್ತು, ಒಂದೊಂದೂ ಯಾವ ತಿಂಗಳಲ್ಲಿ ತಿರುಗಿ ಬರುತ್ತದೆಂಬುದು ಸಹಿತ. ಶೆಡ್ಡಿನಲ್ಲಿ ಸುಮ್ಮನೆ ಕೂತವನನ್ನು ಕಂಡರೆ ಮೇಲ್ವಿಚಾರಕನಿಗೆ ತಕ್ಷಣ ಒಂದು ಕೆಲಸ ನೆನಪಾಗುತ್ತಿತ್ತು. ಜೊತೆಯವರಿಗೆ ತಮ್ಮ ಭುಜನೋವು, ಕಾರಿನ ಕ್ಲಚ್ಚು, ಅತ್ತಿಗೆಯ ಜಗಳ ನೆನಪಾಗುತ್ತಿದ್ದವು. ಆದರೆ ಪೆನ್ನು ಹಿಡಿದು ಹುಬ್ಬು ಗಂಟಿಕ್ಕಿದವನನ್ನು ಈ ಭೂಮಿಯ ಮೇಲೆ ಯಾರೂ ಮಾತಾಡಿಸುವುದಿಲ್ಲ ಎಂಬ ಸತ್ಯವನ್ನು ಲಿಂಡ್ಸೆ ಆಕಸ್ಮಿಕವಾಗಿ ಕಂಡುಕೊಂಡಿದ್ದ. ದಿನಕ್ಕೆ ಇಪ್ಪತ್ತು ನಿಮಿಷದ ಮೌನ. ದುಡಿಯುವವನಿಗೆ ಅದನ್ನು ಯಾವ ಸರಕಾರವೂ ಕೊಟ್ಟಿಲ್ಲ, ಅವನೇ ಕದ್ದುಕೊಂಡಿದ್ದ. ಸಾಕ್ಷ್ಯ ಉಳಿಯದಂತೆ ಆ ಪೇಪರಿನಲ್ಲೇ ರೊಟ್ಟಿಯ ಚೂರುಗಳನ್ನು ಸುತ್ತಿಕೊಂಡು ಹೋಗಿ ಮನೆಯ ಕೋಳಿಗಳಿಗೆ ಹಾಕುತ್ತಿದ್ದ.

ಹೀಗಿರುವಾಗ ಊರಿಗೆ ನೂರೈವತ್ತು ವರ್ಷ ತುಂಬಿತು. ಊರಿನ ವಾರಪತ್ರಿಕೆ ಅದರ ನೆನಪಿಗೆಂದು ಒಂದು ವಿಶೇಷ ಪದಬಂಧ ಪ್ರಕಟಿಸಿತು. ವಿಷಯ: ‘ನಮ್ಮ ಕುರಾಂಡಿ’. ರಚಿಸಿದವರು ಎಂಬತ್ತನಾಲ್ಕು ವರ್ಷದ ಮಿಸ್ ನ್ಯಾನ್‌ಕಿವೆಲ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ, ಉಳಿದರ್ಧ ಜನಕ್ಕೆ ಕಲಿಸಲು ಪ್ರಯತ್ನಪಟ್ಟು ಸೋತ ಟೀಚರು. ಬಹುಮಾನ, ಕಟುಕರ ಅಂಗಡಿಯಿಂದ ಒಂದು ದೊಡ್ಡ ತಟ್ಟೆ ಮಾಂಸ: ಸಾಸೇಜು, ಚಾಪ್ಸು, ಮೇಲೊಂದು ಪಾರ್ಸ್ಲಿ ಸೊಪ್ಪು.

ಆ ಗುರುವಾರ ಲಿಂಡ್ಸೆಯ ಸುತ್ತ ಆರು ಕುರ್ಚಿಗಳು ಬಂದು ನಿಂತವು.

“ಗುರುವೇ, ಆ ತಟ್ಟೆ ನಮ್ಮ ಶೆಡ್ಡಿಗೇ ಬರ್ಬೇಕು,” ಎಂದ ಡಾರ್ಸಿ ಮಡ್ಜ್. ರೋಲರ್ ಓಡಿಸುವ ಡಾರ್ಸಿ ಒಳ್ಳೆಯವನು. ರೋಲರಿನ ಶಬ್ದಕ್ಕೆ ಒಗ್ಗಿ ಹೋಗಿ, ಗುಟ್ಟನ್ನೂ ಕೂಗಿಯೇ ಹೇಳುವವನು.

ಲಿಂಡ್ಸೆ ತನ್ನ ಪದ್ಧತಿಯಂತೆ ತುಂಬಿ ಮುಗಿಸಿ ಪೇಪರು ಮಡಿಸಿದ.

“ಆಗ್ಹೋಯ್ತಾ? ಎಡದಿಂದ ಬಲಕ್ಕೆ ಮೊದಲ್ನೇದು ಏನು ಬರುತ್ತೆ? ಅದನ್ನೊಂದು ಹೇಳು ಮಾರಾಯ.”

“ಹೇಳಬಾರ್ದು.”

“ಯಾಕೆ?”

ಲಿಂಡ್ಸೆಗೆ ಐದು ನಿಮಿಷ ಕಣ್ಣು ಮುಚ್ಚಬೇಕಿತ್ತು. ಜನ ಹೆದರಿದರೆ ಸುಮ್ಮನಾಗುತ್ತಾರೆ ಎಂದು ಅವನ ಅನುಭವ ಹೇಳುತ್ತಿತ್ತು. ಒಂದು ನಿಟ್ಟುಸಿರು ಬಿಟ್ಟು, “ತಿಳ್ಕೊಳ್ಳದೇ ಇದ್ರೇನೇ ಒಳ್ಳೇದು ಡಾರ್ಸಿ. ಓದೋಕೆ ಬರೋರಿಗೆ ಗೊತ್ತಾಗುತ್ತೆ,” ಎಂದ.

ಆರು ಕುರ್ಚಿಗಳೂ ಸದ್ದಿಲ್ಲದೆ ಹಿಂದಕ್ಕೆ ಸರಿದವು. ಲಿಂಡ್ಸೆ ಸುಖವಾಗಿ ಕಣ್ಣು ಮುಚ್ಚಿದ. ಆ ಶೆಡ್ಡಿನಲ್ಲಿ ಅವನ ಕೊನೆಯ ನೆಮ್ಮದಿಯ ಐದು ನಿಮಿಷಗಳು ಅವು.

ಡಾರ್ಸಿ ಮಧ್ಯಾಹ್ನ ಮನೆಗೆ ಹೋಗಿ, ಹೆಂಡತಿಯನ್ನು ಕೂರಿಸಿಕೊಂಡು ತಾನೇ ಪದಬಂಧ ಬಿಡಿಸಿದ. ಕಷ್ಟವೇನಿರಲಿಲ್ಲ, ಮಿಸ್ ನ್ಯಾನ್‌ಕಿವೆಲ್ ತಮ್ಮ ಶಿಷ್ಯರ ಯೋಗ್ಯತೆ ತಿಳಿದೇ ಸುಳಿವು ಬರೆದಿದ್ದರು. ‘ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ಊರೆಲ್ಲ ಇಲ್ಲಿ ನೆನೆಯುತ್ತದೆ’ ಎಂದರೆ ಈಜುಕೊಳ. ‘ಶ್ ಎನ್ನುವ ಜಾಗ’ ಎಂದರೆ ಗ್ರಂಥಾಲಯ. ಹೀಗೆ ಸಭಾಭವನ, ಅಂಚೆ ಕಚೇರಿ, ಹೆರಿಗೆ ನರ್ಸಿನ ಕೋಣೆ, ಶುಕ್ರವಾರದ ಬಸ್ಸು, ರಸ್ತೆ ರಿಪೇರಿ ಶೆಡ್ಡು. ಒಟ್ಟು ಹನ್ನೊಂದು ದೊಡ್ಡ ಉತ್ತರಗಳು, ನಡುವೆ ಚಿಲ್ಲರೆ ಪದಗಳು.

ಶೆಡ್ಡಿನ ಹೆಸರು ಬಂದಾಗ ಡಾರ್ಸಿಯ ಕೈಯಿಂದ ಪೆನ್ಸಿಲು ಬಿತ್ತು. ಏಕೆಂದರೆ ಹದಿನೈದು ದಿನದಿಂದ ಅಡಿಲೇಡಿನ ಸಲಹೆಗಾರನೊಬ್ಬ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು, ಊರಿನ ಒಂದೊಂದು ಕಟ್ಟಡದ ಮುಂದೆಯೂ ನಿಂತು ಏನನ್ನೋ ಬರೆದುಕೊಳ್ಳುತ್ತಿದ್ದ. ಏನು ಬರೆದುಕೊಳ್ಳುತ್ತಿದ್ದಾನೆಂದು ಕೌನ್ಸಿಲು ಹೇಳಿರಲಿಲ್ಲ. ಮುಖ್ಯಾಧಿಕಾರಿ ಡಮಿಯನ್ ಸ್ಟೋಕ್ ‘ಊರನ್ನು ಭವಿಷ್ಯಕ್ಕೆ ಸಜ್ಜುಗೊಳಿಸುತ್ತಿದ್ದೇವೆ’ ಎಂದು ಮಾತ್ರ ಹೇಳಿದ್ದ. ಈ ಮಾತನ್ನು ಬಡವರ ಊರಿನಲ್ಲಿ ಯಾವ ಅಧಿಕಾರಿಯಾದರೂ ಆಡಿದರೆ ಅಲ್ಲಿನವರು ಮೊದಲು ಮನೆಯ ಬಾಗಿಲು ಭದ್ರವಾಗಿದೆಯೇ ನೋಡಿಕೊಳ್ಳಬೇಕು.

“ಲೇ ಇವಳೇ,” ಎಂದು ಡಾರ್ಸಿ ಕೂಗಿದ್ದು ಮೂರು ಮನೆ ಆಚೆಗೂ ಕೇಳಿತು, “ಇದು ಪದಬಂಧ ಅಲ್ಲ ಕಣೇ! ಮುಚ್ಚೋ ಪಟ್ಟಿ! ಟೀಚರ್ ತಂಗಿ ಮಗಳು ಕೌನ್ಸಿಲಲ್ಲೇ ಟೈಪ್ ಮಾಡೋದು. ನೇರವಾಗಿ ಹೇಳೋಕಾಗಲ್ಲ ಅಂತ ಹೀಗೆ ಹೇಳಿದಾರೆ. ಲಿಂಡ್ಸೆಗೆ ಬೆಳಿಗ್ಗೇನೇ ಗೊತ್ತಾಯ್ತು. ಮುಖ ನೋಡ್ಬೇಕಿತ್ತು ನೀನು, ಹೆಣ ನೋಡಿದೋನ ಹಾಗಿದ್ದ!”

ಶುಕ್ರವಾರ ಸಂಜೆಯ ಹೊತ್ತಿಗೆ ಕುರಾಂಡಿಯಲ್ಲಿ ಪದಬಂಧ ಬಿಡಿಸದವರು ಕುರುಡರು ಮತ್ತು ಕುರಿಗಳು ಮಾತ್ರ. ಪತ್ರಿಕೆ ಇತಿಹಾಸದಲ್ಲಿ ಮೊದಲ ಸಲ ಖಾಲಿಯಾಯಿತು. ಲಿಂಡ್ಸೆ ಕೆಲಸ ಮುಗಿಸಿ ಮನೆಗೆ ಬಂದರೆ ಗೇಟಿನಲ್ಲಿ ಸರದಿಯ ಸಾಲು.

“ಟ್ರೆಝೀಸ್ ಅವರೇ, ನಾವು ಚೆಂಡು ಉರುಳಿಸೋ ಬೌಲ್ಸ್ ಕ್ಲಬ್ಬಿನ ಹುಲ್ಲುಹಾಸು ಮೇಲಿಂದ ಕೆಳಕ್ಕೆ ಒಂಬತ್ತರಲ್ಲಿದೆ. ಮೇಲಿಂದ ಕೆಳಕ್ಕೆ ಅಂದ್ರೆ ಬೇಗ ಮುಚ್ತಾರೋ, ನಿಧಾನಕ್ಕೋ?”

“ನಂಗೊತ್ತಿಲ್ಲಮ್ಮ.”

“ಹೇಳೋಕಾಗಲ್ಲ ಅನ್ನಿ ಪಾಪ,” ಎಂದು ಮುದುಕಿ ಅವನ ಕೈ ಒತ್ತಿ, ಒಂದು ಡಬ್ಬಿ ಬಿಸ್ಕತ್ತು ಕೊಟ್ಟು ಹೋದಳು.

ಗೊತ್ತಿಲ್ಲ ಎಂದಷ್ಟೂ ಅವನಿಗೆ ಗೊತ್ತಿದೆ ಎಂಬುದು ಖಚಿತವಾಗುತ್ತ ಹೋಯಿತು. ಮನುಷ್ಯ ಪಂಡಿತನೆನಿಸಿಕೊಳ್ಳುವುದು ಸುಲಭ, ಆ ಕೆಲಸಕ್ಕೆ ರಾಜೀನಾಮೆ ಕೊಡುವುದು ಕಷ್ಟ.

ಒಳಗೆ ಹೆಂಡತಿ ಗ್ಲೆನಿಸ್ ಕೋಲು ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದಳು. ಎರಡು ವರ್ಷದ ಹಿಂದೆ ಅವಳ ಎರಡೂ ಮೊಣಕಾಲಿನ ಆಪರೇಷನ್ ಆಗಿತ್ತು. ನೆಲದ ಮೇಲೆ ಅವಳು ಕೋಲೂರಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವ ಹೆಂಗಸು. ಬೆಳಿಗ್ಗೆ ಆರಕ್ಕೆ ಐವರು ಗೆಳತಿಯರೊಂದಿಗೆ ಊರಿನ ಕೊಳಕ್ಕಿಳಿದು ಎದೆಮಟ್ಟದ ನೀರಿನಲ್ಲಿ ನಡೆಯುವಾಗ ಮಾತ್ರ ಲಿಂಡ್ಸೆ ಮದುವೆಯಾದ ಹುಡುಗಿ. ಆ ಒಂದು ಗಂಟೆಯ ನಡಿಗೆಯಿಂದಲೇ ಉಳಿದ ದಿನ ಅವಳ ಕಾಲುಗಳು ಅವಳ ಮಾತು ಕೇಳುತ್ತಿದ್ದವು. ಇನ್ನೊಂದು ಕೊಳ ಇದ್ದದ್ದು ನೂರ ನಲವತ್ತು ಕಿಲೋಮೀಟರ್ ದೂರದಲ್ಲಿ.

“ಕೊಳ ಅದರಲ್ಲಿದೆಯಾ?” ಎಂದಳು.

“ಇಲ್ಲ, ಇಲ್ಲ,” ಎಂದ ಲಿಂಡ್ಸೆ. ಅದರಲ್ಲಿ ಏನಿದೆಯೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಹೆಂಡತಿಗೆ ಇಷ್ಟವಾಗುವ ಉತ್ತರ ಕೊಡುವುದು ಮೂವತ್ತು ವರ್ಷದ ಸಂಸಾರದ ಪಾಠ.

ಡಾರ್ಸಿ ಕೊಟ್ಟುಹೋಗಿದ್ದ ಹಾಳೆಯನ್ನು ಗ್ಲೆನಿಸ್ ಮೇಜಿನ ಮೇಲೆ ಬಿಚ್ಚಿದಳು. ಎಡದಿಂದ ಬಲಕ್ಕೆ, ಮೊದಲನೆಯ ಉತ್ತರ: ಈಜುಕೊಳ.

“ನಂಗೂ ಸುಳ್ಳು ಹೇಳೋ ಹಂತಕ್ಕೆ ಬಂದ್ಯಾ ಲಿಂಡ್ಸೆ?”

“ಗ್ಲೆನಿಸ್, ಕೇಳು. ನಾನು ಪದಬಂಧ ಬಿಡಿಸೋದೇ ಇಲ್ಲ. ಹನ್ನೊಂದು ವರ್ಷದಿಂದ ಸುಮ್ಮನೆ ಗೀಚ್ತಿದೀನಿ.”

“ಸುಳ್ಳಿಗೂ ಒಂದು ಲೆಕ್ಕ ಬೇಡ್ವಾ? ನಿನ್ನ ಬುದ್ಧಿವಂತಿಕೆ ಹೇಳಿಕೊಂಡು ನನ್ನ ತಂಗಿ ಮುಂದೆ ಎಷ್ಟು ಮೆರೆದಿದೀನಿ ನಾನು!”

“ತಾಳು, ತೋರಿಸ್ತೀನಿ,” ಎಂದು ಲಿಂಡ್ಸೆ ಹಿತ್ತಲಿಗೆ ಓಡಿದ. ಕೋಳಿಗಳು ಸಾಕ್ಷ್ಯವನ್ನು ಕುಕ್ಕಿ, ಕೆದಕಿ, ಅದರ ಮೇಲೆ ತಮ್ಮ ಅಭಿಪ್ರಾಯವನ್ನೂ ಹಾಕಿದ್ದವು. ರಾತ್ರಿಯೂಟಕ್ಕೆ ಅವನಿಗೆ ಮಾಂಸ ತುಂಬಿದ ತಣ್ಣಗಿನ ಪೇಸ್ಟಿ ಸಿಕ್ಕಿತು. ಸಾಸಿನ ಸೀಸೆ ಅವಳ ಕಡೆಯೇ ಉಳಿಯಿತು.

ಸೋಮವಾರ ಮುಖ್ಯಾಧಿಕಾರಿಯಿಂದ ಕರೆ ಬಂತು. ಸ್ಟೋಕ್ ನಗರದಿಂದ ಬಂದು ಎರಡು ವರ್ಷವಾದರೂ ಊರಿನ ಕೆಂಪು ಧೂಳು ಬೂಟಿಗೆ ಹತ್ತದಂತೆ ನಡೆಯಬಲ್ಲ ಚತುರ. ಬಾಗಿಲು ಮುಚ್ಚಿದ, ಕಿಟಕಿಯ ಪರದೆ ಎಳೆದ, ಲಿಂಡ್ಸೆಯನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ. ಅಂಥ ಕುರ್ಚಿಯಲ್ಲಿ ಲಿಂಡ್ಸೆ ಹಿಂದೆಂದೂ ಕೂತಿರಲಿಲ್ಲ. ಬೆನ್ನಿನಲ್ಲಿದ್ದ ಮೂವತ್ತೆರಡು ವರ್ಷ ಒಮ್ಮೆಗೇ ‘ಅಬ್ಬಾ’ ಎಂದಿತು.

“ಯಾರು ಹೇಳಿದ್ದು ನಿನಗೆ?” ಎಂದ ಸ್ಟೋಕ್.

“ಏನು ಸಾರ್?”

“ನಾಟಕ ಬೇಡಪ್ಪಾ.” ಸ್ಟೋಕ್ ಡ್ರಾಯರಿನಿಂದ ಒಂದು ಹಾಳೆ ತೆಗೆದು, ಪಕ್ಕದಲ್ಲಿ ಪದಬಂಧ ಇಟ್ಟು, ಬೆರಳಿನಿಂದ ಒಂದೊಂದಾಗಿ ತಾಳೆ ನೋಡುತ್ತ ಹೋದ. “ಈಜುಕೊಳ, ಇದೆ. ಗ್ರಂಥಾಲಯ, ಇದೆ. ಸಭಾಭವನ, ಇದೆ. ಹನ್ನೊಂದಕ್ಕೆ ಹನ್ನೊಂದೂ! ಇದು ಮೂರೇ ಜನಕ್ಕೆ ಗೊತ್ತಿದ್ದ ಪಟ್ಟಿ.”

ಲಿಂಡ್ಸೆ ಹಾಳೆಯನ್ನು ನೋಡಿದ. ಅದು ತಲೆಕೆಳಗಾಗಿತ್ತು. ಆದರೂ ಮೇಲಿನ ಸಾಲಿನಲ್ಲಿ ಕೊಳದ ಹೆಸರು ಚೆನ್ನಾಗಿ ಕಂಡಿತು. ಹಾಗಾದರೆ ಡಾರ್ಸಿ ಸರಿ. ಡಾರ್ಸಿ ತನ್ನ ಬದುಕಿನಲ್ಲೇ ಮೊದಲ ಸಲ ಒಂದು ವಿಷಯದಲ್ಲಿ ಸರಿಯಾಗಿದ್ದ!

“ನಂಗೇನೂ ಗೊತ್ತಿರ್ಲಿಲ್ಲ ಸಾರ್, ಈಗ ನೀವು ಹೇಳೋವರೆಗೆ.”

“ಭೇಷ್! ಇದೇ ಉತ್ತರ ನಾಳೆ ನಾನು ಕರೆದಿರೋ ಊರಿನ ಸಭೆಯಲ್ಲೂ ಕೊಡು.” ಸ್ಟೋಕ್ ಮುಂದಕ್ಕೆ ಬಾಗಿದ. “ಜನ ನಿನ್ನ ಮಾತು ನಂಬ್ತಾರೆ. ವೇದಿಕೆ ಹತ್ತಿ, ಇದು ಬರೀ ಪದಬಂಧ, ಮುಚ್ಚೋ ವಿಚಾರ ಇದರಲ್ಲಿಲ್ಲ, ಹೋಗಿ ಮಲಗಿ ಅಂತ ಹೇಳು. ನಮ್ಮ ಸಾಮಾನು ಸ್ಟೋರಿನಲ್ಲಿ ಒಂದು ಜಾಗ ಖಾಲಿ ಇದೆ. ಫ್ಯಾನು ಇದೆ. ಕುರ್ಚಿ, ಈಗ ಕೂತಿದ್ದೀಯಲ್ಲ, ಇಂಥದ್ದೇ. ನಿವೃತ್ತಿವರೆಗೆ ಗುಂಡಿ ಮುಖ ನೋಡ್ಬೇಕಾಗಿಲ್ಲ. ದಿನವಿಡೀ ಕೂತು ಪದಬಂಧ ಬಿಡಿಸ್ಕೋ, ಯಾರೂ ಮಾತಾಡ್ಸಲ್ಲ.”

ಇಪ್ಪತ್ತು ನಿಮಿಷ ಅಲ್ಲ, ಎಂಟು ಗಂಟೆ. ಲಿಂಡ್ಸೆಯ ಕಣ್ಣು ತುಂಬಿ ಬಂತು.

ಮಂಗಳವಾರ ಸಂಜೆ ಐದಕ್ಕೆ ಸಭಾಭವನ ಕಿಕ್ಕಿರಿದಿತ್ತು. ಮುಚ್ಚುವ ಪಟ್ಟಿಯಲ್ಲಿದ್ದ ಕಟ್ಟಡದಲ್ಲಿ, ಮುಚ್ಚುವ ಪಟ್ಟಿಯಲ್ಲಿದ್ದ ಕುರ್ಚಿಗಳ ಮೇಲೆ, ಊರೆಲ್ಲ ಪದಬಂಧ ಹಿಡಿದು ಕೂತಿತ್ತು. ಎದುರಿನ ಸಾಲಿನಲ್ಲಿ ಗ್ಲೆನಿಸ್ ಮತ್ತು ಐವರು ಗೆಳತಿಯರು, ಆರೂ ಜನ ಟವೆಲ್ಲು ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. ಗ್ಲೆನಿಸ್ ನಾಲ್ಕು ದಿನದಿಂದ ಗಂಡನ ಜೊತೆ ಮಾತಾಡಿರಲಿಲ್ಲ.

ಸ್ಟೋಕ್ ಮೈಕಿನ ಮುಂದೆ ನಗುತ್ತ, “ನಮ್ಮೆಲ್ಲರ ಹೆಮ್ಮೆಯ ಪದಬಂಧ ತಜ್ಞ,” ಎಂದ. ಡಾರ್ಸಿ ಶಿಳ್ಳೆ ಹಾಕಿದ.

ಲಿಂಡ್ಸೆ ಮೈಕು ಹಿಡಿದು ಕನ್ನಡಕ ಮೂಗಿನ ತುದಿಗೆ ಇಳಿಸಿದ. ಸಭೆ ಅದನ್ನು ಪಾಂಡಿತ್ಯವೆಂದು ತಿಳಿಯಿತು.

“ನಾನು ಇದನ್ನ ಬಿಡಿಸಿಲ್ಲ,” ಎಂದ. “ಯಾವತ್ತೂ ಬಿಡಿಸಿಲ್ಲ. ನಂಗೆ ಬರೋದಿಲ್ಲ. ಚಹಾ ಹೊತ್ತಲ್ಲಿ ನೀವ್ಯಾರೂ ಮಾತಾಡಿಸ್ಬಾರ್ದು ಅಂತ ಬಾಯಿಗೆ ಬಂದ ಅಕ್ಷರ ತುಂಬ್ತಿದ್ದೆ.”

ಸಭೆ ಬಿದ್ದು ಬಿದ್ದು ನಕ್ಕಿತು. “ಕೌನ್ಸಿಲ್‌ನೋರು ಹೆದ್ರಿಸಿದಾರೆ ಪಾಪ!” ಎಂದು ಬೌಲ್ಸ್ ಕ್ಲಬ್ಬಿನ ಮುದುಕಿ ಕೂಗಿದಳು.

ಆಗ ಮಿಸ್ ನ್ಯಾನ್‌ಕಿವೆಲ್ ಎದ್ದು ನಿಂತರು. ಅವರು ಎದ್ದರೆ ಎಪ್ಪತ್ತು ವರ್ಷದ ಗಂಡಸರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಊರದು.

“ಅವನು ಹೇಳೋದು ನಿಜ,” ಎಂದರು. “ಮೂರನೇ ಕ್ಲಾಸಿನಲ್ಲಿ ಇವನ ಡಿಕ್ಟೇಷನ್ ತಿದ್ದಿದೋಳು ನಾನು. ಆಗಲೂ ಹೀಗೇ. ಖಾಲಿ ಬಿಡ್ತಿರಲಿಲ್ಲ, ಸರೀನೂ ಬರೀತಿರಲಿಲ್ಲ. ಕೂತ್ಕೋ ಡಾರ್ಸಿ, ನಿನ್ನ ವಿಷಯ ಎತ್ತಿದ್ರೆ ಸಂಜೆ ಸಾಲಲ್ಲ.”

ಹನ್ನೊಂದು ವರ್ಷದ ಕೀರ್ತಿ ಕಟ್ಟಡದ ಮಾಡಿನಿಂದ ಜಾರಿ ಹೊರಗೆ ಬಿದ್ದ ಸದ್ದು ಲಿಂಡ್ಸೆಗೆ ಸ್ಪಷ್ಟವಾಗಿ ಕೇಳಿಸಿತು. ಸ್ಟೋಕ್ ಆನಂದದಿಂದ ಕೈ ತಟ್ಟಿದ. “ನೋಡಿದ್ರಾ? ಬರೀ ಪದಬಂಧ! ಮೇಡಂ, ನೀವೇ ಹೇಳಿಬಿಡಿ, ನಿಮಗೆ ಯಾರೂ ಯಾವ ಪಟ್ಟಿಯನ್ನೂ ಕೊಟ್ಟಿಲ್ಲ ಅಲ್ವಾ?”

“ಕೊಟ್ಟಿಲ್ಲ,” ಎಂದರು ಮಿಸ್ ನ್ಯಾನ್‌ಕಿವೆಲ್. “ಈ ಊರಲ್ಲಿ ನಮ್ಮೆಲ್ಲರದು ಅಂತ ಏನೇನಿದೆ ಅಂತ ಕೂತು ಬರ್ಕೊಂಡೆ. ಊರಿಗೆ ನೂರು ತುಂಬಿದಾಗಲೂ ಒಂದು ಪದಬಂಧ ಮಾಡಿದ್ದೆ. ಆಗ ಮೂವತ್ತನಾಲ್ಕು ಸಿಕ್ಕಿದ್ವು. ರೈಲ್ವೆ ಸ್ಟೇಷನ್ ಇತ್ತು, ಬ್ಯಾಂಕಿತ್ತು, ಹೆರಿಗೆ ಆಸ್ಪತ್ರೆ ಇತ್ತು. ಈ ಸಲ ಎಷ್ಟು ಹುಡುಕಿದ್ರೂ ಹನ್ನೊಂದು. ಉಳಿದ ಜಾಗಕ್ಕೆ ಏನು ಹಾಕ್ಲಿ? ಕಪ್ಪು ಚೌಕ ಹಾಕ್ದೆ.”

ಕೈಯಲ್ಲಿದ್ದ ಪದಬಂಧಗಳನ್ನು ಜನ ತಿರುಗಿಸಿ ನೋಡಿಕೊಂಡರು. ಇಷ್ಟು ದಿನ ಬಿಳಿಯ ಮನೆಗಳನ್ನು ಮಾತ್ರ ನೋಡಿದ್ದರು.

ಸ್ಟೋಕ್ ಮೈಕಿನ ಕಡೆ ಕೈ ಚಾಚಿದ. “ಬಹಳ ಚೆನ್ನಾಗಿ ಹೇಳಿದ್ರಿ. ಹಾಗಾದ್ರೆ ಸಭೆ ಮುಗೀತು. ಲಿಂಡ್ಸೆ, ಥ್ಯಾಂಕ್ಸ್, ಇಳೀಬಹುದು.”

ಲಿಂಡ್ಸೆ ಇಳಿಯಬೇಕೆಂದೇ ಇದ್ದ. ಮೈಕು ಇಡಲು ಬಾಗಿದಾಗ ಎದುರಿನ ಸಾಲಿನಲ್ಲಿ ಗ್ಲೆನಿಸ್ ಎದ್ದುನಿಲ್ಲಲು ಹೆಣಗುತ್ತಿದ್ದುದು ಕಂಡಿತು. ಒಂದು ಕೈ ಕೋಲಿನ ಮೇಲೆ, ಒಂದು ಕೈ ಗೆಳತಿಯ ಭುಜದ ಮೇಲೆ. ಎದ್ದು ನಿಲ್ಲುವುದಕ್ಕೇ ಅಷ್ಟು ಕಷ್ಟ. ಮೆತ್ತನೆಯ ಕುರ್ಚಿ ಅವನ ಕಣ್ಣ ಮುಂದೆ ಬಂತು, ಫ್ಯಾನು ಬಂತು, ಎಂಟು ಗಂಟೆ ಮೌನ ಬಂತು. ಆಮೇಲೆ ಅವೆಲ್ಲ ಹೋದವು.

“ಇನ್ನೊಂದು ಮಾತಿದೆ,” ಎಂದ ಬಹಳ ಆಯಾಸದಿಂದ. “ಪದಬಂಧದಲ್ಲಿ ಏನಿದೆಯೋ ನಂಗೊತ್ತಿಲ್ಲ. ಆದ್ರೆ ಸಾಹೇಬ್ರ ಡ್ರಾಯರಲ್ಲಿ ಒಂದು ಹಾಳೆ ಇದೆ. ಅದರಲ್ಲೂ ಹನ್ನೊಂದೇ ಇದೆ. ಮೊದಲ್ನೇದು ಕೊಳ.”

“ಅದು ಇನ್ನೂ ಕರಡು!” ಎಂದು ಸ್ಟೋಕ್ ಕಿರುಚಿದ.

ಕಿರುಚಿದ ಮೇಲೆ ತಾನು ಏನು ಕಿರುಚಿದೆನೆಂದು ಅವನಿಗೆ ತಿಳಿಯಿತು. ಊರಿಗೂ ತಿಳಿಯಿತು. ಮುಂದಿನ ಒಂದು ಗಂಟೆಯ ವರದಿ ಕೊಡುವುದು ಕಷ್ಟ, ಏಕೆಂದರೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಆರು ಟವೆಲ್ಲುಗಳು ವೇದಿಕೆಯ ಮೇಲಿದ್ದವು ಎಂಬುದು ಮಾತ್ರ ಖಚಿತ. ಕೊನೆಗೆ ಕೌನ್ಸಿಲ್ ಸದಸ್ಯರು ಬೆವರು ಒರೆಸಿಕೊಳ್ಳುತ್ತ ಒಂದು ಠರಾವು ಮಾಡಿದರು: ಹತ್ತು ವಿಷಯಗಳನ್ನು ಮುಂದೂಡಲಾಗಿದೆ, ಈಜುಕೊಳವನ್ನು ಮುಚ್ಚುವುದಿಲ್ಲ, ಅದನ್ನು ಮುಚ್ಚುವ ದಿನಾಂಕವನ್ನು ಆಮೇಲೆ ತಿಳಿಸಲಾಗುವುದು. ಜನ ಜಯಘೋಷ ಮಾಡುತ್ತ ಹೋದರು. ಠರಾವಿನ ಎರಡನೆಯ ಅರ್ಧ ಅವರಿಗೆ ಅರ್ಥವಾದದ್ದು ಮನೆ ಮುಟ್ಟಿದ ಮೇಲೆ.

ಮಾಂಸದ ತಟ್ಟೆ ಡಾರ್ಸಿಗೆ ಹೋಯಿತು. ಸ್ಟೋರಿನ ಕುರ್ಚಿ ಯಾರಿಗೂ ಸಿಗಲಿಲ್ಲ. ಲಿಂಡ್ಸೆ ತನ್ನ ಗುಂಡಿಗಳಿಗೆ ಮರಳಿದ, ಅವೂ ಅವನಿಗಾಗಿ ಕಾದಿದ್ದವು. ಚಹಾ ಬಿಡುವಿನ ಕತೆಯಂತೂ ಮುಗಿದೇ ಹೋಯಿತು. ಅವನಿಗೆ ಪದಬಂಧ ಬರುವುದಿಲ್ಲವೆಂದು ಗೊತ್ತಾದ ಮೇಲೆ ಆರು ಜನರೂ ಸುತ್ತ ಕೂತು ಕಲಿಸತೊಡಗಿದರು. “ಯೋಚನೆ ಮಾಡು ಗುರುವೇ, ಯೋಚನೆ ಮಾಡು!” ಎಂದು ಡಾರ್ಸಿ ಕಿವಿಯ ಪಕ್ಕದಲ್ಲೇ ಕೂಗುತ್ತಿದ್ದ.

ಮೂರು ವಾರದ ನಂತರ ಸ್ಟೋಕ್ ಅವನನ್ನು ಕರೆಸಿದ. ಈ ಸಲ ಕೂರಲು ಹೇಳಲಿಲ್ಲ.

“ಕೊಳದ ಗೇಟಿಗೆ ಈ ನೋಟಿಸು ಹೊಡೆದು ಬಾ,” ಎಂದ. ಗಟ್ಟಿ ರಟ್ಟಿನ ನೋಟಿಸು, ಕೌನ್ಸಿಲಿನ ಮೊಹರು, ಸಹಿ, ಎಲ್ಲವೂ ಇತ್ತು. ‘ಶಾಶ್ವತವಾಗಿ ಮುಚ್ಚುವ ದಿನಾಂಕ’ ಎಂಬುದರ ಮುಂದೆ ಎಂಟು ಖಾಲಿ ಚೌಕಗಳಿದ್ದವು. “ದಿನಾಂಕ ಅಡಿಲೇಡಿನಿಂದ ಬರ್ಬೇಕು. ಬಂದ ಕೂಡ್ಲೇ ನೀನಿರೋ ಜಾಗಕ್ಕೇ ಫೋನ್ ಮಾಡಿ ಹೇಳ್ತೀನಿ, ತುಂಬು. ಪೆನ್ನಲ್ಲೇ ತುಂಬು. ನಿನಗೇನು, ಅಭ್ಯಾಸ ಇದೆಯಲ್ಲ.” ಸ್ಟೋಕ್ ತನ್ನ ಹಾಸ್ಯಕ್ಕೆ ತಾನೇ ನಕ್ಕ. “ಹುಷಾರು. ಒಂದು ಚೌಕ ತಪ್ಪಾದ್ರೂ ನೋಟಿಸು ಅಸಿಂಧು. ಮತ್ತೆ ಸಭೆ ಕರೀಬೇಕು, ಮತ್ತೆ ಠರಾವು, ಎಲ್ಲ ಮೊದಲಿಂದ.”

ತಾನೇ ಯಾಕೆ ಹೋಗುವುದಿಲ್ಲವೆಂದು ಸ್ಟೋಕ್ ಹೇಳಲಿಲ್ಲ. ಬೆಳಿಗ್ಗೆ ಕೊಳದ ಬಳಿ ಆರು ಜನ ಹೆಂಗಸರಿರುತ್ತಾರೆಂಬುದು ಅವನಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಲಿಂಡ್ಸೆ ಗೇಟಿಗೆ ನಾಲ್ಕು ಮೊಳೆ ಹೊಡೆದ. ಫೋನು ಬಂತು. ಸ್ಟೋಕ್ ದಿನಾಂಕ ಹೇಳಿದ, ಎರಡು ಸಲ ಹೇಳಿದ, ಲಿಂಡ್ಸೆ “ಆಯ್ತು ಸಾರ್” ಎಂದು ಫೋನು ಜೇಬಿಗೆ ಹಾಕಿದ. ಜಾಲರಿಯ ಆಚೆ ನೀಲಿ ನೀರಿನಲ್ಲಿ ಗ್ಲೆನಿಸ್ ಕೋಲಿಲ್ಲದೆ, ತಲೆಯೆತ್ತಿಕೊಂಡು, ಗೆಳತಿಯರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಲಿಂಡ್ಸೆ ಕನ್ನಡಕ ಮೂಗಿನ ತುದಿಗೆ ಇಳಿಸಿದ. ಹುಬ್ಬು ಗಂಟಿಕ್ಕಿದ. ಪೆನ್ನಿನ ಮುಚ್ಚಳ ತೆಗೆದು, ಹನ್ನೊಂದು ವರ್ಷದ ಪಳಗಿದ ಕೈಯಿಂದ, ಒಂದು ಅಕ್ಷರ ಹೊಡೆದುಹಾಕದೆ, ಒಂದು ಮನೆ ಖಾಲಿ ಬಿಡದೆ, ಎಂಟೂ ಚೌಕಗಳನ್ನು ತುಂಬಿದ.

“ಏನ್ ಬರೆದೆ ಅಲ್ಲಿ?” ಎಂದು ಗ್ಲೆನಿಸ್ ನೀರಿನಿಂದಲೇ ಕೂಗಿದಳು.

“ಹೇಳಬಾರ್ದು,” ಎಂದ ಲಿಂಡ್ಸೆ. “ಓದೋಕೆ ಬರೋರಿಗೆ ಗೊತ್ತಾಗುತ್ತೆ.”

ಆಮೇಲೆ ಗೇಟಿಗೊರಗಿ ಕುಳಿತು ಕಣ್ಣು ಮುಚ್ಚಿದ. ಐದು ನಿಮಿಷ ಯಾರೂ ಮಾತಾಡಿಸಲಿಲ್ಲ.